ಗುಂಡಿಗೆ ಕಳವಾದ ಪ್ರಕರಣ

೧೯೭೪ನೇ ಇಸವಿ, ಫೆಬ್ರವರಿ ೧೪, ಗುರುವಾರ. ಬೆಳಿಗ್ಗೆ ಎಂಟೂಕಾಲು. ಬಳ್ಳಾರಿಯ ಕೋಟೆ ಗುಡ್ಡದ ಬದಿಯ ಪೊಲೀಸ್ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಜಂಬಣ್ಣ ಎರಡನೇ ಚಹಾ ಮುಗಿಸಿ ಮೀಸೆ ಒರೆಸಿಕೊಳ್ಳುತ್ತಿದ್ದ. ಮೂವತ್ತರ ಆಸುಪಾಸಿನ ಒಬ್ಬ ಮನುಷ್ಯ ಓಡಿ ಬಂದು ಮೇಜಿನ ಅಂಚು ಹಿಡಿದು ನಿಂತ. ಏದುಸಿರಿಗೆ ಅವನ ಮಾತು ಅರ್ಧರ್ಧ ನುಂಗಿ ಹೋಗುತ್ತಿತ್ತು.

“ಸಾಹೇಬ್ರ, ನನ್ನ ಹೆಣ್ತೀದು... ಗುಂಡ... ಗಿ ಕಳುವಾಗೇತ್ರಿ.”

“ಏನು?”

“ಗುಂಡ... ಗಿ ರಿ. ಎದಿ ಮ್ಯಾಲಿಂದು. ಎದಿ ರೋಗದ ಆಸ್ಪತ್ರ್ಯಾಗ. ನಾಳಿ ಮುಂಜಾನಿ ಆಪರೇಷನ್ ಐತ್ರಿ.”

ಎದೆ, ಆಸ್ಪತ್ರೆ, ಆಪರೇಷನ್ ಎಂದ ಮೇಲೆ ಇನ್ನೇನು ಕಳವಾಗಬೇಕು? ಜಂಬಣ್ಣ ಕಾರ್ಬನ್ ಹಾಳೆ ಇಟ್ಟು, ಎಫ್‌ಐಆರ್‌ನಲ್ಲಿ ಕಳವಾದ ಮಾಲಿನ ಎದುರು ದುಂಡಗೆ ‘ಗುಂಡಿಗೆ’ ಎಂದು ಬರೆದ. ಬರೆದ ಮೇಲೆ ಅವನಿಗೇ ಅನುಮಾನ ಬಂತು.

“ಗುಂಡಿಗಿ ಕಳುವಾತು ಅಂತೀದಿ. ಮತ್ತ ಅಕಿ ಜೀವಂತ ಅದಾಳೇನು?”

“ಇನ್ನಾ ಅದಾಳ್ರಿ. ಅದು ಸಿಗದಿದ್ರ ಉಳಿಯಂಗಿಲ್ರಿ.”

ಒಳಕೋಣೆಯಲ್ಲಿ ಕೂತಿದ್ದ ಸಬ್ ಇನ್‌ಸ್ಪೆಕ್ಟರ್ ಮಾರೆಣ್ಣ ಈ ಮಾತು ಕೇಳಿ ಹೊರಗೆ ಬಂದ. ಬಂದವನಿಗೆ ನೀರು ಕುಡಿಸಿ, ಮತ್ತೊಮ್ಮೆ ಹೇಳಿಸಿದ. ಕಳವಾದದ್ದು ಗುಂಡಿಗೆಯಲ್ಲ, ಗುಂಡಗಡಗಿ. ಅಂದರೆ ಇಷ್ಟಲಿಂಗವನ್ನಿಟ್ಟು ಎದೆಯ ಮೇಲೆ ಧರಿಸುವ ದುಂಡನೆಯ ಬೆಳ್ಳಿ ಕರಡಿಗೆ. ಲಿಂಗವೂ ಅದರೊಳಗೇ ಹೋಗಿತ್ತು. ಫಿರ್ಯಾದಿ ಸಿರುಗುಪ್ಪದ ಭತ್ತದ ವ್ಯಾಪಾರಿ ವಿರೂಪಾಕ್ಷಪ್ಪ. ಅವನ ಹೆಂಡತಿ ಕೊಟ್ರಮ್ಮನಿಗೆ ಇಪ್ಪತ್ಮೂರು ವರ್ಷ, ತವರು ಕುರುಗೋಡು.

ಎಫ್‌ಐಆರ್‌ನಲ್ಲಿ ಗೀಟು ಹಾಕಿ ತಿದ್ದಿದರೆ ನಾಳೆ ವಕೀಲರು ಅದನ್ನೇ ಹಿಡಿದು ಜಗ್ಗಾಡುತ್ತಾರೆ. ಜಂಬಣ್ಣ ತಲೆ ಕೆರೆದುಕೊಂಡು ಮುಂದಕ್ಕೆ ಎರಡು ಪದ ಸೇರಿಸಿದ. ಈಗ ಅಲ್ಲಿ ‘ಗುಂಡಿಗೆ, ಬೆಳ್ಳಿಯದು, ಒಂದು’ ಎಂದಾಯಿತು.

“ಭಾಳ ಚಲೋ ಆತು,” ಎಂದ ಮಾರೆಣ್ಣ. “ಜೀಪ್ ತೆಗಿ.”

ಟ್ರಸ್ಟಿನವರು ನಡೆಸುತ್ತಿದ್ದ ಆ ಎದೆರೋಗದ ಆಸ್ಪತ್ರೆ ಠಾಣೆಯಿಂದ ದೂರವಿರಲಿಲ್ಲ. ಹೆಂಗಸರ ವಾರ್ಡಿನ ಮೂಲೆಯಲ್ಲಿ ಕೊಟ್ರಮ್ಮ ನಾಲ್ಕು ದಿಂಬುಗಳಿಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ತುಟಿ ನೀಲಿಗಟ್ಟಿತ್ತು. ಎಡಗೈಯನ್ನು ಎದೆಯ ಮೇಲೆ, ಕರಡಿಗೆ ಇರಬೇಕಾದ ಜಾಗದಲ್ಲಿ ಇಟ್ಟುಕೊಂಡಿದ್ದಳು.

“ಮುಂಜಾನಿಂದ ಏನರ ತಗೊಂಡೀಯೇನಮ್ಮ?” ಮಾರೆಣ್ಣ ಕೇಳಿದ.

“ಲಿಂಗ ಇಲ್ಲದs ನೀರು ಸುದ್ದಾ ಗಂಟಲಕ್ಕ ಇಳಿಸಂಗಿಲ್ರಿ.”

“ಗುಳಿಗಿ?”

“ಇಲ್ರಿ.”

“ಸ್ವಾಮಿಗೋಳ್ನ ಕರಿಸಿ ಬ್ಯಾರೆ ಲಿಂಗ ಕಟ್ಟಿಸ್ತೀನಿ ಅಂದೀನ್ರಿ,” ಎಂದ ವಿರೂಪಾಕ್ಷಪ್ಪ. “ಕೇಳವಲ್ಲಳು.”

ಕೊಟ್ರಮ್ಮ ಉಸಿರು ಕೂಡಿಸಿಕೊಂಡು ಹೇಳಿದಳು: “ಐದು ವರ್ಷದಾಕಿ ಇದ್ದಾಗ ನಮ್ಮ ಗುರುಗಳು ಕಟ್ಟ್ಯಾರ. ಅದು ಇನ್ನ ಸಿಗಂಗಿಲ್ಲ ಅಂತ ಗೊತ್ತಾದ ಮ್ಯಾಲೆ ನೋಡೂನು. ಹುಡುಕದs ಇನ್ನೊಂದು ಕಟ್ಟಿಕೊಂಡ್ರ, ಅದನ್ನ ನಾನs ಬಿಟ್ಟಂಗ ಆಕ್ಕೈತಿ.”

ಅವಳಿಗೆ ಸಿಟ್ಟಿರಲಿಲ್ಲ, ಹಟವೂ ಇರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದಳು, ಅಷ್ಟೆ. ಹೀಗೆ ಹೇಳುವವರ ಜೊತೆ ವಾದ ಮಾಡಿ ಗೆದ್ದವರನ್ನು ಮಾರೆಣ್ಣ ತನ್ನ ಹದಿನಾರು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಡಾಕ್ಟರ್ ತಿಪ್ಪೇರುದ್ರಪ್ಪ ಅವನನ್ನು ವರಾಂಡಕ್ಕೆ ಕರೆದೊಯ್ದರು. ಇದೇ ಜಿಲ್ಲೆಯವರು, ಮದ್ರಾಸಿನಲ್ಲಿ ಎದೆಯ ಶಸ್ತ್ರಚಿಕಿತ್ಸೆ ಕಲಿತು ಅಲ್ಲೇ ಕೆಲಸದಲ್ಲಿದ್ದವರು. ಆರು ತಿಂಗಳಿಗೊಮ್ಮೆ ಬಂದು ಇಲ್ಲಿ ಆಪರೇಷನ್ ಮಾಡಿ ಹೋಗುತ್ತಿದ್ದರು.

“ನೀವು ತುಂಗಭದ್ರಾ ಕಾಲುವೆ ತೂಬು ನೋಡೀರಲ್ಲ?” ಎಂದರು. “ಆಕೆ ಗುಂಡಿಗೆಯೊಳಗೂ ಅಂಥದೊಂದು ತೂಬೈತಿ. ಸಣ್ಣಾಕಿದ್ದಾಗ ಕೀಲುನೋವಿನ ಜ್ವರ ಬಂದು ಅದರ ಬಾಗಿಲು ಅಂಟಿಕೊಂಡೈತಿ. ರಕ್ತ ಮುಂದ ಹೋಗದs ಹಿಂದಕ್ಕ ನಿಂತು ಪುಪ್ಪುಸದಾಗ ಜೌಗು ಹಿಡೀತೈತಿ. ಎಡಪಕ್ಕೆ ಕೊಯ್ದು, ಬಡಕೊಳ್ಳೋ ಗುಂಡಿಗೆಯೊಳಗ ಬೆರಳು ಹಾಕಿ ಆ ಬಾಗಿಲು ಬಿಡಿಸಬೇಕು.”

“ಬೆರಳು ಹಾಕಿ?”

“ಕಣ್ಣಿಗೆ ಏನೂ ಕಾಣಂಗಿಲ್ಲ. ಬೆರಳs ಕಣ್ಣು.”

ಈ ಆಸ್ಪತ್ರೆಯಲ್ಲಿ ಅವರು ಇಂಥ ಹನ್ನೊಂದು ಆಪರೇಷನ್ ಮಾಡಿದ್ದರು. ಒಂಬತ್ತು ಮಂದಿ ನಡೆದುಕೊಂಡು ಮನೆಗೆ ಹೋಗಿದ್ದರು, ಇಬ್ಬರು ಹೋಗಿರಲಿಲ್ಲ. ಊರು ಆ ಒಂಬತ್ತನ್ನು ಮರೆತು ಎರಡನ್ನೇ ಹಿಡಿದುಕೊಂಡಿತ್ತು.

“ಮಾತ್ರೆ ನಿಂತು ನಾಡಿ ಓಡಾಕ ಹತ್ತೈತಿ,” ಎಂದರು ಡಾಕ್ಟರು. “ಸೂಜಿನೂ ಬ್ಯಾಡ ಅಂತಾಳ. ಹಿಂಗs ಇದ್ರ ನಾಳೆ ನಾನು ಎದೆ ತೆರೆಯೋ ಧೈರ್ಯ ಮಾಡಂಗಿಲ್ಲ. ಆರು ತಿಂಗಳು ಬಿಟ್ಟು ಬರೋಷ್ಟರಾಗ ಆಕಿ ಇರಂಗಿಲ್ಲ. ಇವತ್ತು ಸಂಜೆಯೊಳಗ ಹುಡುಕಿ ಕೊಡ್ರಿ.”

ಸ್ಥಳ ಪಂಚನಾಮೆ ಶುರುವಾಯಿತು. ದಾದಿ ಸಾವಂತ್ರಮ್ಮ ಕಣ್ಣೊರೆಸಿಕೊಳ್ಳುತ್ತ ಹೇಳಿಕೆ ಕೊಟ್ಟಳು. ನಾಳೆ ಕೊಯ್ಯುವ ಜಾಗವನ್ನು ತೊಳೆದು ಔಷಧಿ ಹಚ್ಚಲು ಏಳಕ್ಕೆ ಮುಂಚೆ ಬಂದಿದ್ದಳು. ಕೊಟ್ರಮ್ಮ ತಾನೇ ಶಿವದಾರ ಬಿಚ್ಚಿ, ಕರಡಿಗೆಯನ್ನು ದಿಂಬಿನ ಮೇಲೆ ತಲೆಗೆ ತಾಗಿಸಿ ಇಟ್ಟುಕೊಂಡಳು. ಔಷಧಿ ಉರಿಯಿತೆಂದು ಕಣ್ಣು ಮುಚ್ಚಿದಳು. ದಾದಿ ಹತ್ತಿ ತರಲು ಹೋಗಿ ಬರುವಷ್ಟರಲ್ಲಿ ಕರಡಿಗೆ ಇರಲಿಲ್ಲ.

“ತಲಿಗೆ ತಾಗಿಸಿ ಯಾಕ?”

“ನಿನ್ನೆ ಡಾಕ್ಟ್ರು ಹೇಳಿದ್ರಿ. ಎದಿ ಮ್ಯಾಲೆ ಲಿಂಗ ಇದ್ರ ಕೊಯ್ಯಾಕ ಆಗಂಗಿಲ್ಲ, ಬಿಡಾಕ ಇವರಿಗೆ ಆಗಂಗಿಲ್ಲ. ಭಾಳ ಹೊತ್ತು ಮಾತಾತು. ಕಡೀಗೆ ಡಾಕ್ಟ್ರು, ‘ಎದಿ ನನಗ ಕೊಡ್ರಿ, ತಲಿ ನಿಮ್ಮ ಶಿವಗ ಇರ್ಲಿ’ ಅಂದ್ರು. ಆಪರೇಷನ್ ಹೊತ್ತಿಗೆ ತಲಿಗೆ ಕಟ್ಟೋದು ಅಂತ ಎಲ್ರೂ ಒಪ್ಪಿದ್ರು.”

“ಎಲ್ರೂ ಅಂದ್ರ?”

ಕೊಟ್ರಮ್ಮ, ಗಂಡ, ಅತ್ತೆ ವೀರಭದ್ರಮ್ಮ, ದಾದಿ. ಪಕ್ಕದ ಮಂಚದ ಜಡೆಮ್ಮ ಮತ್ತು ಅವಳ ಗಂಡ ಹುಲುಗಪ್ಪ. ಆ ಹೊತ್ತಿನಲ್ಲಿ ಅಲ್ಲಿದ್ದವರು ಇಷ್ಟೇ. ಜಡೆಮ್ಮ ಸಿರುಗುಪ್ಪ ತಾಲೂಕಿನ ಕರೂರಿನವಳು, ಗಂಡಹೆಂಡತಿ ಭತ್ತದ ಗದ್ದೆಯಲ್ಲಿ ಕೂಲಿ ಮಾಡುವವರು. ಅವಳಿಗೂ ಅದೇ ರೋಗ, ಅದೇ ನೀಲಿ ತುಟಿ. ಬೆಳಿಗ್ಗೆ ನಿದ್ದೆ ಹತ್ತಿತ್ತು, ಏನೂ ನೋಡಲಿಲ್ಲ ಎಂದಳು. ಗಂಡ ಎಲ್ಲಿ ಎಂದರೆ, ರಕ್ತ ಕೊಡುವವರನ್ನು ಕರೆತರಲು ನಸುಕಿನಲ್ಲೇ ಊರಿಗೆ ಹೋಗಿದ್ದಾನೆ ಎಂದಳು.

ಅತ್ತೆ ವೀರಭದ್ರಮ್ಮನೂ ಆಸ್ಪತ್ರೆಯಲ್ಲಿ ಇರಲಿಲ್ಲ. ಏಳರ ಬಸ್ಸಿಗೆ ಯಾರಿಗೂ ಹೇಳದೆ ಸಿರುಗುಪ್ಪಕ್ಕೆ ಹೋಗಿದ್ದಳು.

“ನಿಮ್ಮವ್ವಗ ಆಪರೇಷನ್ ಒಪ್ಪಿಗಿ ಇತ್ತೇನ್ರಿ?” ಮಾರೆಣ್ಣ ಕೇಳಿದ.

ವಿರೂಪಾಕ್ಷಪ್ಪ ನೆಲ ನೋಡಿದ. “ಇರ್ಲಿಲ್ರಿ. ಎದಿ ಕೊಯ್ಸಿಕೊಂಡಾಕಿ ಮತ್ತ ಬಾಳ್ವಿ ಹೆಂಗ ಮಾಡ್ತಾಳ ಅಂತಿದ್ಳು.”

ವಾರ್ಡಿನಲ್ಲಿದ್ದವರ ಕಣ್ಣೆಲ್ಲ ಒಂದೇ ಕಡೆ ಬೊಟ್ಟು ಮಾಡಿದವು. ಅತ್ತೆಯ ಮೇಲೆ ಅನುಮಾನಪಡಲು ಯಾರಿಗೂ ಸಾಕ್ಷಿ ಬೇಕಾಗುವುದಿಲ್ಲವಷ್ಟೆ. ಮಾರೆಣ್ಣ ಜಂಬಣ್ಣನನ್ನು ಬಳ್ಳಾರಿಯ ಬೆಳ್ಳಿ ಅಂಗಡಿಗಳಿಗೂ ಬಸ್ ಸ್ಟ್ಯಾಂಡಿಗೂ ಅಟ್ಟಿ, ತಾನು ಜೀಪು ಹತ್ತಿ ಸಿರುಗುಪ್ಪದ ದಾರಿ ಹಿಡಿದ.

ವೀರಭದ್ರಮ್ಮ ಮನೆಯಲ್ಲೇ ಇದ್ದಳು. ನಡುಮನೆಯಲ್ಲಿ ಟ್ರಂಕಿನ ಬಾಯಿ ತೆಗೆದು, ಸುತ್ತ ಬಟ್ಟೆ ಹರವಿಕೊಂಡು ಕೂತಿದ್ದಳು. ಪೊಲೀಸರನ್ನು ಕಂಡು ಎದ್ದು ನಿಂತಳೇ ಹೊರತು ಹೆದರಲಿಲ್ಲ.

“ಸೊಸಿ ಲಿಂಗ ಕಳುವಾಗೇತಿ,” ಎಂದ ಮಾರೆಣ್ಣ.

ಅವಳು ಟ್ರಂಕಿನ ಅಂಚು ಹಿಡಿದು ಕೂತುಬಿಟ್ಟಳು. “ಶಿವನ! ಊಟ ಬಿಟ್ಟಾಳೇನು?”

“ನೀರೂ ಬಿಟ್ಟಾಳ. ನೀವು ಯಾರಿಗೂ ಹೇಳದs ಯಾಕ ಬಂದ್ರಿ?”

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮುಂದೆ ಹಿಡಿದಳು. ಹಳೆಯ ರೇಷ್ಮೆಯ ತುಂಡು, ಅಂಚು ಮಾಸಿತ್ತು. “ನನ್ನ ಮದಿವಿ ಸೀರಿ ಸೆರಗಿದು. ನಾಳಿ ಲಿಂಗ ತಲಿಗೆ ಕಟ್ಟಾಕ ಆಸ್ಪತ್ರಿ ಅರಿಬಿ ಬ್ಯಾಡ ಅನ್ನಿಸ್ತು. ಇದನ್ನ ಒಗದು ಒಣಗಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೊಂಟಿದ್ದೆ. ಹೇಳಿದ್ರ ಮಗ, ‘ನಿನಗ ಆಪರೇಷನ್ ಬ್ಯಾಡಾಗಿತ್ತಲ್ಲ, ಈಗ್ಯಾಕ ಉಪಚಾರ’ ಅಂತಿದ್ದ.”

“ಬ್ಯಾಡಾಗಿತ್ತಲ್ಲ?”

“ಬ್ಯಾಡಾಗಿತ್ತು. ಅಂಜಿಕಿ ಇತ್ತು. ಈಗೂ ಐತಿ.” ಅವಳ ದನಿ ಗಡುಸಾಯಿತು. “ಹಂಗಂತ ಲಿಂಗ ಮುಟ್ತೀನೇನ್ರಿ? ಸೊಸಿ ಸತ್ರೂ ಚಿಂತಿಲ್ಲ ಅನ್ನಾಕಿ ಆದ್ರ ಅವಳ ತಲಿಗೆ ನನ್ನ ಮದಿವಿ ಸೆರಗು ಹರೀತಿದ್ನೇನು?”

ಮಾರೆಣ್ಣನಿಗೆ ನಾಚಿಕೆಯಾಯಿತು. ಪೊಲೀಸರಿಗೆ ನಾಚಿಕೆ ವರ್ಷಕ್ಕೆ ಒಂದೆರಡು ಸಲ ಆಗುತ್ತದೆ, ಆದಾಗ ಅವರು ಮುಂದಿನ ಪ್ರಶ್ನೆ ಕೇಳುತ್ತಾರೆ.

“ನಿನ್ನೆ ಆ ಮಾತಾದ ಮ್ಯಾಲೆ ಲಿಂಗದ ಬಗ್ಗೆ ಯಾರರ ಏನರ ಕೇಳಿದ್ರೇನು?”

ವೀರಭದ್ರಮ್ಮ ಯೋಚಿಸಿದಳು. “ಬಾಜೂಕಿನ ಮಂಚದಾಕಿ ಗಂಡ ಕೇಳಿದ. ಲಿಂಗ ಇಲ್ಲದಿದ್ರ ಆಪರೇಷನ್‌ಗೆ ಹೋಗಂಗಿಲ್ಲೇನವ್ವ ಅಂದ. ನೀರೂ ಮುಟ್ಟಂಗಿಲ್ಲಪ್ಪ ಅಂದೆ. ಮತ್ತ, ಖರೇನs ತಲಿ ಮ್ಯಾಲಿದ್ರ ನಡೀತೈತೇನು ಅಂದ. ತಲಿ ಮ್ಯಾಲಿದ್ರ ನಡೀತೈತಿ, ನೆಲಕ್ಕ ಮಾತ್ರ ತಾಗಬಾರ್ದು ಅಂದೆ. ಬಡವ, ಭಕ್ತಿಲೆ ಕೇಳಿದ.”

ಸಿರುಗುಪ್ಪದ ಠಾಣೆಯಿಂದ ಬಳ್ಳಾರಿಗೆ ಟ್ರಂಕ್ ಕಾಲ್ ಹಾಕಿಸಿದಾಗ ಹನ್ನೆರಡು ಹೊಡೆದಿತ್ತು. ಆ ಕಡೆ ಜಂಬಣ್ಣ ಕೂಗಿ ಮಾತಾಡುತ್ತಿದ್ದ, ಫೋನಿಲ್ಲದಿದ್ದರೂ ಕೇಳಿಸುವ ಹಾಗೆ.

“ಸಾರ್, ಬೆಳ್ಳಿ ಅಂಗಡಿ ಎಲ್ಲಾ ತಿರುಗಿದೆ. ಯಾರೂ ಮಾರಾಕ ಬಂದಿಲ್ಲ, ಒತ್ತಿ ಇಡಾಕ ಬಂದಿಲ್ಲ.”

“ಬಸ್ ಸ್ಟ್ಯಾಂಡು?”

“ಅಲ್ಲೂ ಏನಿಲ್ಲ. ಕುರುಗೋಡು ಬಸ್ಸಿನ ಕಂಡಕ್ಟರ್ ಯಾವನೋ ಹುಚ್ಚನ ಕತಿ ಹೇಳಿದ. ಕೇಸಿಗೆ ಸಂಬಂಧ ಇಲ್ಲ ಬಿಡ್ರಿ.”

“ಹುಚ್ಚನ ಕತಿ ಏನು?”

“ಮುಂಜಾನಿ ಬಸ್ಸಿಗೆ ಒಬ್ಬಂವ ತಲಿ ಮ್ಯಾಲೆ ಸಣ್ಣ ಗಂಟು ಇಟಗೊಂಡು ಹತ್ತಿದನಂತ್ರಿ. ಅರ್ಧ ಬಸ್ ಖಾಲಿ. ಕೂಡೋ ಅಂದ್ರ ಕೂಡಂಗಿಲ್ಲ, ಗಂಟು ಇಳಸೋ ಅಂದ್ರ ಇಳಸಂಗಿಲ್ಲ. ಕನ್ನಡ ಬರಂಗಿಲ್ಲೇನೋ ಅಂತ ‘ಕೂರ್ಚೋವಯ್ಯಾ’ ಅಂತ ತೆಲುಗಿನಾಗೂ ಹೇಳಿದನಂತ. ಚಪ್ಲಿ ಬಗಲಾಗ ಇಟಗೊಂಡು, ಕೊಳಗಲ್ಲು ದಾಟಿ ಕುರುಗೋಡು ಬರೂತನ ನಿಂತs ಹ್ವಾದನಂತ.”

ಮಾರೆಣ್ಣ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದ. ಬೆಳ್ಳಿಗಾಗಿ ಕದ್ದವನು ಕರಡಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾನೆ. ಲಿಂಗ ಕಟ್ಟುವ ಮನೆಯಲ್ಲಿ ಹುಟ್ಟಿದವನಾದರೆ ಕೈ ತಾನಾಗಿ ಎದೆಗೇ ಒಯ್ಯುತ್ತದೆ. ಇನ್ನೊಬ್ಬರ ಲಿಂಗವನ್ನು ತಲೆಯ ಮೇಲೆ ಹೊತ್ತುಕೊಂಡು ಇಪ್ಪತ್ತು ಮೈಲಿ ನಿಂತು ಹೋಗುವವನು, ಲಿಂಗದ ಬಗ್ಗೆ ಡಾಕ್ಟರ ಬಾಯಿಂದ ನಿನ್ನೆಯಷ್ಟೇ ಕಲಿತವನು.

“ಲೇ ಜಂಬಣ್ಣ, ಅಂವ ಹುಚ್ಚ ಅಲ್ಲ. ಅಂವನs ಕಳ್ಳ, ಜಡೆಮ್ಮನ ಗಂಡ. ಕರೂರಿಗೆ ಹೊಂಟೀನಿ ಅಂತ ಹೇಳಿ ಕುರುಗೋಡಿಗೆ ಹೋಗ್ಯಾನ. ಸಿಕ್ಕ ಬಸ್ ಹತ್ತಿ ಅಲ್ಲಿಗೆ ಬಾ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಕಳ್ಳ ಮಾಲನ್ನು ತಲೆಯ ಮೇಲೇ ಹೊತ್ತು ಊರೆಲ್ಲ ತೋರಿಸಿಕೊಂಡು ಹೋಗಿದ್ದ.

ಒಂದೂವರೆಗೆ ಜೀಪು ಕುರುಗೋಡು ಮುಟ್ಟಿತು. ಹುಡುಕುವ ತೊಂದರೆಯೇ ಆಗಲಿಲ್ಲ. ದೊಡ್ಡಬಸಪ್ಪನ ಗುಡಿಯ ಮಂಟಪದಲ್ಲಿ, ಕಂಬಕ್ಕೆ ಬೆನ್ನು ತಾಗಿಸಿ, ಮೂವತ್ತೈದರ ಒಬ್ಬ ಒಣಕಲು ಮನುಷ್ಯ ನಿಂತಿದ್ದ. ತಲೆಯ ಮೇಲಿನ ಬಿಳಿ ಗಂಟನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಪೂಜಾರಿ ಪೊಲೀಸರನ್ನು ಕಂಡವನೇ ಅಳಲು ತೋಡಿಕೊಂಡ: “ಮುಂಜಾನಿಂದ ಹಿಂಗs ನಿಂತಾನ್ರಿ. ಬಸವಣ್ಣನ ಹತ್ರ ಎರಡು ದಿನ ಇಟ್ಕೊಳ್ರಿ ಅಂತಾನ. ಏನೈತಿ ಅಂದ್ರ ಹೇಳಂಗಿಲ್ಲ. ಗೊತ್ತಿಲ್ಲದ್ದನ್ನ ನಾ ಹೆಂಗ ಇಟ್ಕೊಳ್ಳಿ?”

“ಹುಲುಗಪ್ಪ,” ಎಂದ ಮಾರೆಣ್ಣ.

ಅವನು ಓಡಲಿಲ್ಲ. ತಲೆಯ ಮೇಲೆ ಅದನ್ನಿಟ್ಟುಕೊಂಡು ಓಡುವುದಾದರೂ ಹೇಗೆ?

“ತಗೊಳ್ರಿ ಸಾಹೇಬ್ರ,” ಎಂದ. ಅವನ ಕಣ್ಣು ತುಂಬಿತ್ತು. “ಎಲ್ಲಿ ಇಡಬೇಕು ತಿಳೀಲಿಲ್ರಿ. ಮನಿಗೆ ಒಯ್ಯಾಕ ಅಂಜಿಕಿ ಆತು. ಅಕಿ ತವರೂರಿನ ಬಸವಣ್ಣ ಕಾಯ್ತಾನ ಅಂತ ಇಲ್ಲಿಗೆ ಬಂದೆ.”

“ಉಂಡಿಯೇನು?”

“ಇಲ್ರಿ. ಅಕಿ ನೀರು ಮುಟ್ಟಂಗಿಲ್ಲ ಅಂದಿದ್ರು. ನಾ ಹೆಂಗ ಮುಟ್ಟಲಿ?”

“ಯಾಕ ಕದ್ದಿ?”

ಹುಲುಗಪ್ಪ ಹೇಳಿದ. ಇಬ್ಬರು ಹೆಂಗಸರದೂ ಒಂದೇ ಗುಂಪಿನ ರಕ್ತ. ಒಂದು ಆಪರೇಷನ್‌ಗೆ ನಾಲ್ಕು ಬಾಟಲಿ ಬೇಕು. ಕೊಟ್ರಮ್ಮನ ಕಡೆಯವರು ನಾಲ್ಕೂ ಕೂಡಿಸಿದ್ದರು. ಜಡೆಮ್ಮನಿಗೆ ಒಂದೂ ಇರಲಿಲ್ಲ. ಹುಲುಗಪ್ಪನ ರಕ್ತ ಹೊಂದಲಿಲ್ಲ. ಕರೂರಿನ ನೆಂಟರು ರಕ್ತ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆಂದು ಹೆದರಿ ಬರಲಿಲ್ಲ. ಡಾಕ್ಟರು ಜಡೆಮ್ಮನನ್ನು ಮುಂದಿನ ಸಲಕ್ಕೆ ಬರೆದಿದ್ದರು.

“ಆರು ತಿಂಗಳು ಅಂದ್ರ ಮಳಿಗಾಲ ದಾಟಬೇಕ್ರಿ. ಹೋದ ಮಳಿಗಾಲನs ಅಕಿ ಕೂತು ಕಳದಾಳ, ಒಂದು ರಾತ್ರಿ ಮಲಗಿಲ್ಲ. ಬಾಯಾಗ ರಕ್ತ ಬರ್ತಿತ್ತು. ದಾದಿ ಅಮ್ಮ ಸುಮ್ಮನ ನಕ್ಕೋಂತ ಅಂದ್ರು, ಕೊಟ್ರಮ್ಮ ಬ್ಯಾಡಂದ್ರ ಆ ರಕ್ತಕ್ಕ ನಿನ್ನ ಹೆಣ್ತೀದs ಪಾಳಿ ನೋಡು ಅಂತ. ಆ ಮಾತು ರಾತ್ರಿ ಎಲ್ಲಾ ಕಿವ್ಯಾಗ ಕುಂತಿತ್ತು.”

“ಆ ಹುಡುಗಿ ಸತ್ರ?”

“ನಾಳಿ ಜಡೆಮ್ಮಂದು ಆದ ಕೂಡ್ಲೆ ತಂದು ಕೊಡ್ತಿದ್ದೆ ರಿ.” ಅವನು ಬಿಕ್ಕಿದ. “ಅಕಿ ಸಾಯ್ತಾಳ ಅಂತ ಬಸ್ಸಿನ್ಯಾಗ ಹೊಳೀತು. ತಿರುಗಿ ಬರಾಕ ಧೈರ್ಯ ಬರ್ಲಿಲ್ರಿ.”

ಅಷ್ಟರಲ್ಲಿ ಜಂಬಣ್ಣ ಬಂದಿಳಿದ. ಪೂಜಾರಿ ಮತ್ತು ಕಾಯಿ ಮಾರುವ ದೊಡ್ಡಬಸಮ್ಮ ಪಂಚರಾದರು. ಗಂಟಿನಲ್ಲಿದ್ದದ್ದು ಬೆಳ್ಳಿಯ ಕರಡಿಗೆ ಒಂದು, ಶಿವದಾರ ಸಹಿತ. ಪೂಜಾರಿ ತೆರೆದು ನೋಡಿ ಲಿಂಗ ಸುರಕ್ಷಿತವಾಗಿದೆ ಎಂದ. ಪಂಚನಾಮೆಗೆ ಸಹಿಯಾಯಿತು. ಕಳವು ಮಾಡಿದ ಅಪರಾಧಕ್ಕಾಗಿ ಕರೂರಿನ ಹುಲುಗಪ್ಪನನ್ನು ಅಲ್ಲೇ ದಸ್ತಗಿರಿ ಮಾಡಲಾಯಿತು.

ಆಮೇಲೆ ಒಂದು ತೊಡಕು ಎದುರಾಯಿತು. ಬೇಡಿ ಎರಡೂ ಕೈಗೆ ಹಾಕಿದರೆ ಲಿಂಗ ಹೊರುವವರು ಯಾರು? ಜೀಪಿನ ಸೀಟಿನ ಮೇಲೆ ಇಡುವಂತಿಲ್ಲ. ಮುಟ್ಟಲು ಜಂಬಣ್ಣ ಹಿಂದೆಗೆದ, ಡ್ರೈವರ್ ಹಿಂದೆಗೆದ.

“ತಂದಂವನs ಹೊರ್ಲಿ,” ಎಂದ ಮಾರೆಣ್ಣ.

ಹಾಗಾಗಿ ಆ ಮಧ್ಯಾಹ್ನ ಕೊಳಗಲ್ಲಿನ ಜನ ಹಿಂದೆಂದೂ ಕಾಣದ ಮೆರವಣಿಗೆ ಕಂಡರು. ಕ್ಯಾನ್ವಾಸ್ ಬಿಚ್ಚಿದ ಪೊಲೀಸ್ ಜೀಪು, ಹಿಂದೆ ಕಂಬಿ ಹಿಡಿದು ನಿಂತ ದಪ್ಪ ಮೀಸೆಯ ಜಂಬಣ್ಣ, ಅವನ ಕೈಗೆ ಬೇಡಿಯಿಂದ ಬಿಗಿದ ಕಳ್ಳ, ಕಳ್ಳನ ತಲೆಯ ಮೇಲೆ ದೇವರು. ಕೆಲವರು ಏನೂ ತಿಳಿಯದೆ ಕೈಮುಗಿದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಸಿಕ್ಕ ಮಾಲು ಮುದ್ದೇಮಾಲು, ಅದು ಕೋರ್ಟಿನ ವಶಕ್ಕೆ ಹೋಗಬೇಕು, ಚೀಟಿ ಅಂಟಿಸಿಕೊಂಡು ಮಾಲಖಾನೆಯಲ್ಲಿ ಕೂರಬೇಕು. ಮಾರೆಣ್ಣ ನೇರವಾಗಿ ಮ್ಯಾಜಿಸ್ಟ್ರೇಟರ ಕಚೇರಿಗೆ ಹೋಗಿ ಅರ್ಜಿ ಮುಂದಿಟ್ಟ. ಮ್ಯಾಜಿಸ್ಟ್ರೇಟರು ಎಫ್‌ಐಆರ್ ಓದಿ ಕನ್ನಡಕ ತೆಗೆದರು.

“ಗುಂಡಿಗೆ, ಬೆಳ್ಳಿಯದು. ಏನ್ರೀ ಇದು?”

ಮಾರೆಣ್ಣ ವಿವರಿಸಿದ. ಅವರು ನಗಲಿಲ್ಲ. ಕೇಳಿದಾಗ ಹಾಜರುಪಡಿಸುವ ಮುಚ್ಚಳಿಕೆ ಬರೆಸಿಕೊಂಡು ಮಾಲನ್ನು ವಾರಸುದಾರಳಿಗೆ ಒಪ್ಪಿಸಿ ಎಂದು ಅಲ್ಲೇ ಆದೇಶ ಬರೆದರು.

ಐದು ಗಂಟೆಗೆ ವೀರಭದ್ರಮ್ಮ ತನ್ನ ಕೈಯಾರೆ ಸೊಸೆಯ ಕೊರಳಿಗೆ ಶಿವದಾರ ಕಟ್ಟಿದಳು. ಕೊಟ್ರಮ್ಮ ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದಳು, ವಿಭೂತಿ ಧರಿಸಿದಳು, ಆಮೇಲೆ ಕೈ ಚಾಚಿ ಲೋಟ ಕೇಳಿದಳು. ಅವಳು ನೀರು ನುಂಗುವುದನ್ನು ವಾರ್ಡಿಗೆ ವಾರ್ಡೇ ನೋಡಿತು. ಹಿಂದೆಯೇ ಮಾತ್ರೆ ಹೋಯಿತು.

“ಯಾರು ಒಯ್ದಿದ್ರು?” ಎಂದಳು.

ಮುಚ್ಚಿಡುವ ಹಾಗಿರಲಿಲ್ಲ. ಪಕ್ಕದ ಮಂಚದಲ್ಲಿ ಜಡೆಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅಳಲೂ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಕೊಟ್ರಮ್ಮ ಆ ಕಡೆ ಬಹಳ ಹೊತ್ತು ನೋಡಿದಳು.

“ಸಾಹೇಬ್ರ,” ಎಂದಳು, “ಇವರಿಗೆ ರಕ್ತ ಸಿಕ್ಕಿದ್ರ ಅಂವ ಕದೀತಿದ್ದಿಲ್ಲಲ್ಲ?”

ಮಾರೆಣ್ಣ ಸೀದಾ ಡಾಕ್ಟರ ಕೋಣೆಗೆ ಹೋದ.

“ನಾಲ್ಕು ಬಾಟ್ಲಿ ರಕ್ತ ಕೊಟ್ರ ಶನಿವಾರ ಇನ್ನೊಂದು ಆಪರೇಷನ್ ಮಾಡ್ತೀರೇನ್ರಿ?”

“ಶನಿವಾರ ನನ್ನ ರೈಲು ಐತಿ.” ಡಾಕ್ಟರು ಅವನ ಮುಖ ನೋಡಿದರು. “ತರ್ರಿ. ರೈಲು ಭಾನುವಾರನೂ ಹೋಗ್ತೈತಿ.”

ಠಾಣೆಯ ಅಂಗಳದಲ್ಲಿ ಹನ್ನೊಂದು ಮಂದಿ ಸಾಲಾಗಿ ನಿಂತರು. ಲಾಠಿ ಏಟಿಗೆ ಹೆದರದವರು ಸೂಜಿ ಎಂದೊಡನೆ ಒಬ್ಬರ ಹಿಂದೆ ಒಬ್ಬರು ಸರಿಯತೊಡಗಿದರು. ಮಾರೆಣ್ಣ ಮೊದಲು ಕೈ ಕೊಟ್ಟ, ಅವನದು ಹೊಂದಲಿಲ್ಲ. ಹೊಂದಿದ್ದು ಐವರದು, ಅದರಲ್ಲಿ ಜಂಬಣ್ಣನದೂ ಒಂದು. ಅವನು ಮಂಚದ ಮೇಲೆ ಕಣ್ಣು ಬಿಗಿಮುಚ್ಚಿ ಮಲಗಿ, ಎಲ್ಲ ದೇವರ ಹೆಸರೂ ಹೇಳಿ, ಮುಗಿಯಿತು ಎಂದಾಗ ಎದ್ದು ಕೂತ.

“ಇಷ್ಟೇನಾ?” ಎಂದ, ಮೊದಲಿನಿಂದಲೂ ಹೀಗೇ ಧೈರ್ಯವಾಗಿದ್ದವನಂತೆ.

ಶುಕ್ರವಾರ ಬೆಳಿಗ್ಗೆ ಕೊಟ್ರಮ್ಮನನ್ನು ಒಳಗೆ ಒಯ್ದರು. ತಲೆಗೆ ಹಳೆಯ ರೇಷ್ಮೆ ಸೆರಗಿನ ಕಟ್ಟು, ಅದರೊಳಗೆ ಲಿಂಗ. ಬಾಗಿಲಾಚೆ ಏನಾಯಿತೆಂಬುದನ್ನು ಡಾಕ್ಟರು ಆಮೇಲೆ ಮಾರೆಣ್ಣನಿಗೆ ಹೇಳಿದರು. ಎಡಗಡೆಯ ಪಕ್ಕೆಲುಬುಗಳ ನಡುವೆ ದಾರಿ ಮಾಡಿ, ಗುಂಡಿಗೆಯ ಮೇಲುಕೋಣೆಗೆ ದಾರದ ಸುತ್ತು ಹಾಕಿ, ಸಣ್ಣ ಬಾಯಿ ಕೊಯ್ದು ತೋರುಬೆರಳು ಇಳಿಸಿದರು. ತೂಬಿನ ಬಾಯಿ ಅಂಗಿಯ ಕಾಜಾದಷ್ಟು ಉಳಿದಿತ್ತು. ಬೆರಳು ಅಲ್ಲಿದ್ದಷ್ಟು ಹೊತ್ತು ರಕ್ತದ ದಾರಿಯೇ ಬಂದ್, ಹೆಚ್ಚು ಹೊತ್ತು ಇರುವಂತಿಲ್ಲ. ಕೆಳಗಿನಿಂದ ಬಾಯಿ ಅಗಲಿಸುವ ಸಲಕರಣೆ ತೂರಿಸಿ, ಬೆರಳಿನಿಂದಲೇ ಅದಕ್ಕೆ ದಾರಿ ತೋರಿಸಿ, ಒಮ್ಮೆ ಬಿಚ್ಚಿದರು. ಅಂಟಿದ ಬಾಗಿಲು ಬಿಟ್ಟುಕೊಂಡದ್ದು ಬೆರಳಿಗೆ ಗೊತ್ತಾಯಿತು. ಈಗ ಅಲ್ಲಿ ಎರಡು ಬೆರಳು ಸಲೀಸಾಗಿ ಹೋಗುತ್ತಿದ್ದವು.

ಹತ್ತೂವರೆಗೆ ಅವರು ಹೊರಗೆ ಬಂದು ಕೈ ಮೇಲೆತ್ತಿ ತೋರಿಸಿದರು. ವಿರೂಪಾಕ್ಷಪ್ಪ ಗೋಡೆಗೆ ಮುಖ ಒತ್ತಿ ಅತ್ತ. ವೀರಭದ್ರಮ್ಮ ಅಳಲಿಲ್ಲ. ಸೊಸೆಗೆ ಎಚ್ಚರವಾಗಿ, ದಿಂಬೇ ಇಲ್ಲದೆ ಚಪ್ಪಟೆಯಾಗಿ ಮಲಗಿ ಉಸಿರಾಡುವುದನ್ನು ಕಂಡ ಮೇಲೆ ಮಗನ ಬೆನ್ನಿಗೆ ಗುದ್ದಿದಳು.

“ಇನ್ನ ಕೋರ್ಟಿಗೆ ನಡಿ.”

ಆ ಮಧ್ಯಾಹ್ನ ಹುಲುಗಪ್ಪನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ ಜಾಮೀನು ಕೊಡಲು ಎದ್ದು ನಿಂತವನು ಫಿರ್ಯಾದಿಯೇ. ಕೋರ್ಟಿನಲ್ಲಿ ನಗೆಯೆದ್ದಿತು. ಮ್ಯಾಜಿಸ್ಟ್ರೇಟರು ಮೇಜು ಕುಟ್ಟಿದರು, ಆದರೆ ಜಾಮೀನು ಒಪ್ಪಿಕೊಂಡರು.

ಶನಿವಾರ ಜಡೆಮ್ಮನ ಪಾಳಿ. ಆಪರೇಷನ್ ಕೋಣೆಯ ಹೊರಗೆ ಹುಲುಗಪ್ಪ ಕೂರಲಿಲ್ಲ. ಕೂಡು ಎಂದರೆ ತಲೆಯಾಡಿಸಿ, ಬಸ್ಸಿನಲ್ಲಿ ನಿಂತ ಹಾಗೇ ನಿಂತಿದ್ದ. ಅವನ ಪಕ್ಕದಲ್ಲಿ ಜಂಬಣ್ಣನೂ ಚಡಪಡಿಸುತ್ತ ನಿಂತಿದ್ದ, ಒಳಗೆ ಹರಿಯುತ್ತಿದ್ದದ್ದು ತನ್ನ ರಕ್ತವಲ್ಲವೇ! ಜಡೆಮ್ಮನ ತೂಬು ಇನ್ನೂ ಗಟ್ಟಿಯಾಗಿ ಅಂಟಿತ್ತು, ಎರಡು ಸಲ ಬಿಚ್ಚಬೇಕಾಯಿತು. ನಾಲ್ಕನೇ ಬಾಟಲಿಯೂ ಖಾಲಿಯಾಯಿತು. ಬಾಗಿಲು ತೆರೆದಾಗ ಡಾಕ್ಟರು ಬೆವರಿನಲ್ಲಿ ತೊಯ್ದಿದ್ದರು.

“ನಿನ್ನ ಹೆಂಡತಿ ಮಳಿಗಾಲ ದಾಟ್ತಾಳಪ್ಪ,” ಎಂದರು.

ಹುಲುಗಪ್ಪ ಆಗ ಕೂತ. ಕೂತದ್ದಲ್ಲ, ಕುಸಿದ. ಜಂಬಣ್ಣ ಅವನ ರಟ್ಟೆ ಹಿಡಿದುಕೊಂಡ. ಆಸ್ಪತ್ರೆಯ ಲೆಕ್ಕ ಅಂದಿಗೆ ಹದಿಮೂರಕ್ಕೆ ಹನ್ನೊಂದಾಯಿತು.

ಕೇಸು ಜೂನ್‌ನಲ್ಲಿ ವಿಚಾರಣೆಗೆ ಬಂತು. ಹುಲುಗಪ್ಪ ತಪ್ಪೊಪ್ಪಿಕೊಂಡ. ಮೊದಲ ತಪ್ಪೆಂದು ಕೋರ್ಟು ಅವನಿಗೆ ಎಚ್ಚರಿಕೆ ಕೊಟ್ಟು ಬಿಟ್ಟಿತು. ಅಂದು ಮಾರೆಣ್ಣ ತೀರ್ಪಿಗಿಂತ ಹೆಚ್ಚಾಗಿ ನೋಡಿದ್ದು ಕೋರ್ಟಿನ ಮೆಟ್ಟಿಲುಗಳನ್ನು. ಕೊಟ್ರಮ್ಮ ಮತ್ತು ಜಡೆಮ್ಮ ಮಾತಾಡುತ್ತ, ಎಲ್ಲೂ ನಿಲ್ಲದೆ, ಆ ಮೆಟ್ಟಿಲೆಲ್ಲ ಹತ್ತಿ ಬಂದರು. ಹಿಂದೆ ವೀರಭದ್ರಮ್ಮ ಏದುಸಿರು ಬಿಡುತ್ತ, “ನಿಮ್ಮ ಕಾಲಿಗಿಷ್ಟು ಬೆಂಕಿ ಹಾಕ, ನಿಧಾನ ನಡೀರೆ!” ಎಂದು ಬೈಯುತ್ತ ಬರುತ್ತಿದ್ದಳು.

ಕಳ್ಳತನ ಕಳ್ಳತನವೇ, ಅದರಲ್ಲಿ ಮಾರೆಣ್ಣನಿಗೆ ಅನುಮಾನವಿರಲಿಲ್ಲ. ಆದರೆ ಆಸೆಗೆ ಕದ್ದವರನ್ನು, ಹಸಿವಿಗೆ ಕದ್ದವರನ್ನು ಹಿಡಿದಿದ್ದ ಅವನು ಪಾಳಿ ತಪ್ಪೀತೆಂಬ ಅಂಜಿಕೆಗೆ ಕದ್ದವನನ್ನು ಹಿಡಿದದ್ದು ಅದೇ ಮೊದಲು. ರಾತ್ರಿಯಿಡೀ ಹೆಂಡತಿ ಕೂತು ಉಸಿರೆಳೆಯುವುದನ್ನು ನೋಡಿದವನಿಗೆ ಪಕ್ಕದ ಮಂಚದ ಉಸಿರು ಕೇಳಿಸಿರಲಿಲ್ಲ. ಕೇಳಿಸಿದ ಮೇಲೆ ಅವನಿಗೆ ಕೂರಲು ಆಗಿರಲಿಲ್ಲ.

ಸಂಜೆ ಕಡತ ಮುಚ್ಚುವ ಮುನ್ನ ಮಾರೆಣ್ಣ ಜಂಬಣ್ಣ ಬರೆದ ಕೊನೆಯ ಪುಟ ನೋಡಿದ. ಕಳವಾದ ಮಾಲು: ಗುಂಡಿಗೆ, ಬೆಳ್ಳಿಯದು, ಒಂದು. ಅದರ ಕೆಳಗೆ, ಅದೇ ದುಂಡಗಿನ ಅಕ್ಷರದಲ್ಲಿ, ಮರಳಿ ದೊರೆತದ್ದು: ಗುಂಡಿಗೆ, ಎರಡು.

ತಿದ್ದಲೆಂದು ಪೆನ್ನಿನ ಮುಚ್ಚಳ ತೆಗೆದ ಮಾರೆಣ್ಣ ಒಂದಕ್ಷರವನ್ನೂ ತಿದ್ದದೆ ಹಾಗೇ ಸಹಿ ಹಾಕಿದ.